ಹೊರಗೆ ಒಬ್ಬರು, ಎಂಟು ತಿಂಗಳು

ನನ್ನ ನೋಟ್‌ಬುಕ್ಕನ್ನು ಮುಂದಿನಿಂದ ತೆರೆದರೆ ಮಗಳು ವಿಲ್ಯಳ ದಿನಚರಿ: ಎಷ್ಟು ಹೊತ್ತಿಗೆ ಮಲಗಿದಳು, ಯಾವಾಗ ಎದ್ದಳು, ಕ್ಯಾರೆಟ್ ತಿಂದಳೋ ಉಗುಳಿದಳೋ. ಹಿಂದಿನಿಂದ ತೆರೆದರೆ ಹೆಲ್ವಿ ಅಜ್ಜಿಯ ಮಾತುಗಳು. ಎರಡೂ ಬರಹ ಒಂದು ದಿನ ನಡುವೆ ಎಲ್ಲೋ ಕೂಡಿಕೊಳ್ಳುತ್ತವೆ ಎಂದು ಗೊತ್ತಿತ್ತು. ಮಾರ್ಚ್ ತಿಂಗಳ ಮೊದಲ ಸೋಮವಾರ ಕೂಡಿಕೊಂಡವು. ಆ ದಿನದ್ದನ್ನು ಯಾವ ಕಡೆ ಬರೆಯಬೇಕೆಂದು ತಿಳಿಯದೆ ಎರಡೂ ಕಡೆ ಬರೆದಿಟ್ಟಿದ್ದೇನೆ.

ಹೆಲ್ವಿ ನನ್ನ ಸ್ವಂತ ಅಜ್ಜಿಯಲ್ಲ. ನಮ್ಮ ಕಟ್ಟಡದ ನೆಲಮಹಡಿಯಲ್ಲಿ, ಅಂಗಳದ ಕಡೆ ಅಡುಗೆಮನೆಯ ಕಿಟಕಿ ಇರುವ ಮನೆಯವಳು. ಎಪ್ಪತ್ತೆಂಟು ವರ್ಷ. ನಮ್ಮೂರು ಇಮಾತ್ರದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಕ್ರೇನ್ ನಡೆಸಿದವಳು. ಛಾವಣಿಗೆ ಅಂಟಿಕೊಂಡ ಗೂಡಿನಲ್ಲಿ ಕೂತು, ಹೊರೆ ಎತ್ತುವ ಮೊದಲು ಕೆಳಗಿನ ತಲೆಗಳನ್ನು ಎಣಿಸುವುದು ಅವಳ ಅಭ್ಯಾಸ.

"ಆರು ಹೆಲ್ಮೆಟ್ ಇರ್ಬೇಕಾದ ಕಡೆ ಐದು ಕಂಡ್ರೆ ಕೈ ತೆಗೆದುಬಿಡ್ತಿದ್ದೆ," ಎಂದು ಒಮ್ಮೆ ಹೇಳಿದ್ದಳು. "ಮೇಸ್ತ್ರಿ ಕೆಳಗಿಂದ ಬೈಯೋನು. ಬೈಲಿ. ಆರನೆಯವನು ಎಲ್ಲಿದಾನೆ ಅಂತ ಗೊತ್ತಾಗೋ ತನಕ ನನ್ನ ಕೊಕ್ಕೆ ಅಲ್ಲಾಡ್ತಿರ್ಲಿಲ್ಲ."

ಆ ಎಣಿಸುವ ಗುಣಕ್ಕಾಗಿಯೇ ಇಪ್ಪತ್ತಾರು ವರ್ಷದ ಹಿಂದೆ ಕಟ್ಟಡದವರು ಆಶ್ರಯ ಕೋಣೆಯ ಕೀಲಿಯನ್ನು ಅವಳ ಕೈಗೆ ಕೊಟ್ಟರು. ಆ ಕೋಣೆ ನಮ್ಮ ನೆಲಮಾಳಿಗೆಯಲ್ಲಿದೆ. ದಪ್ಪ ಕಾಂಕ್ರೀಟ್ ಗೋಡೆ, ದೊಡ್ಡ ಹಿಡಿಕೆ ತಿರುಗಿಸಿ ಮುಚ್ಚುವ ಉಕ್ಕಿನ ಬಾಗಿಲು. ಯುದ್ಧ ಬಂದರೆ ಎಲ್ಲರೂ ಅದರೊಳಗೆ. ಬರುವ ತನಕ ಅಲ್ಲಿ ಸ್ಕೀ ಹಲಗೆಗಳು, ಜಾಮ್ ಬಾಟಲಿಗಳು, ಎಸೆಯಲು ಯಾರಿಗೂ ಮನಸ್ಸು ಬಾರದ ಕುರ್ಚಿಗಳು. ವರ್ಷಕ್ಕೊಮ್ಮೆ ಬಾಗಿಲಿನ ರಬ್ಬರು ಅಂಟಿಕೊಳ್ಳದಿರಲೆಂದು ಅದಕ್ಕೆ ಪುಡಿ ಹಚ್ಚುವುದು, ಗಾಳಿಯ ಯಂತ್ರವನ್ನು ಕೈಯಿಂದ ತಿರುಗಿಸಿ ನೋಡುವುದು, ಯಾರು ಬಂದರು ಯಾರು ಮನೆ ಬಿಟ್ಟರು ಎಂದು ಪಟ್ಟಿ ತಿದ್ದುವುದು ಹೆಲ್ವಿಯ ಕೆಲಸ. ಪಟ್ಟಿ ಪೆನ್ಸಿಲಿನದು. ವಿಲ್ಯ ಹುಟ್ಟಿದ ಮೂರನೇ ದಿನಕ್ಕೆ ಅವಳ ಹೆಸರು ಅದರಲ್ಲಿತ್ತು. ಊರಿನ ದಾಖಲೆಗೆ ಆ ಹೆಸರು ಹೋಗಿದ್ದು ಎರಡು ತಿಂಗಳ ಮೇಲೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಹೆಲ್ವಿಯ ಅಡುಗೆಮನೆಯಲ್ಲಿ ಕಾಫಿ, ಏಲಕ್ಕಿ ಬನ್ನು. ಮಗು ಹುಟ್ಟಿ ರಜೆಯಲ್ಲಿದ್ದ ನಾನು ತಪ್ಪದೆ ಹೋಗುತ್ತಿದ್ದೆ. ಎರಡನೇ ಮಹಡಿಯ ರೈಮೊ ಬರುತ್ತಿದ್ದ. ಕಾಗದದ ಕಾರ್ಖಾನೆಯಿಂದ ನಿವೃತ್ತ, ದೊಡ್ಡ ಮೂಗು, ಅದಕ್ಕಿಂತ ದೊಡ್ಡ ದನಿ. ಮೇಲಿನ ಮಹಡಿಯ ಓತ್ಸೊ ಬರುತ್ತಿದ್ದ. ಮೂವತ್ತರ ಹುಡುಗ, ಮನೆಯಿಂದಲೇ ಕಂಪ್ಯೂಟರ್ ಕೆಲಸ, ಯಾವುದನ್ನು ಕಂಡರೂ ಇದಕ್ಕೊಂದು ಆ್ಯಪ್ ಮಾಡಬಹುದಲ್ಲ ಎನ್ನುವ ಕಣ್ಣು. ಆ ಮೇಜಿನ ಮೇಲೆ ಇಡೀ ಯುರೋಪು ಬಂದು ಹೋಗುತ್ತಿತ್ತು.

ಫೆಬ್ರವರಿಯ ಒಂದು ಗುರುವಾರ ರೈಮೊ ಹಾಲಿನ ಪೊಟ್ಟಣ ಎತ್ತಿ ಹಿಡಿದ. ಮುಚ್ಚಳ ಬಿಚ್ಚಿದರೂ ಪೊಟ್ಟಣಕ್ಕೇ ಅಂಟಿಕೊಂಡು ತೂಗುತ್ತಿತ್ತು; ಕಸವಾಗಿ ಉದುರಬಾರದೆಂದು ಬ್ರಸೆಲ್ಸ್‌ನಲ್ಲಿ ಕೂತ ಯುರೋಪ್ ಒಕ್ಕೂಟದವರು ಮಾಡಿದ ನಿಯಮ.

"ಇಪ್ಪತ್ತೇಳು ದೇಶ ಸೇರ್ಕೊಂಡು ಮುಚ್ಚಳ ಕಟ್ಟಿಹಾಕಿದ್ದಾವೆ ನೋಡಿ. ಸಮುದ್ರದ ತಳದಲ್ಲಿ ಕೇಬಲ್ ಕಡಿಯೋರನ್ನ ಹಿಡೀರಪ್ಪಾ ಅಂದ್ರೆ ಆಗಲ್ಲ, ಮುಚ್ಚಳ ಮಾತ್ರ ತಪ್ಪಿಸಿಕೊಳ್ಳೋ ಹಾಗಿಲ್ಲ!"

"ಕುಡಿಯೋವಾಗ ನಿನ್ನ ಮೂಗಿಗೆ ಚುಚ್ಚುತ್ತೆ ಅಂತ ಸಿಟ್ಟು ನಿಂಗೆ," ಎಂದಳು ಹೆಲ್ವಿ. "ಮೂಗು ನಿಂದು. ಬ್ರಸೆಲ್ಸ್‌ನೋರು ಏನ್ ಮಾಡ್ತಾರೆ?"

"ಓಹೋ, ಬ್ರಸೆಲ್ಸ್ ಪರ ವಕೀಲಿಕೆ ನಿಂದು! ನಿನ್ನ ಗೋಡೆ ಗಡಿಯಾರ ಹಾಗೆ ಹೇಳಲ್ವಲ್ಲ?"

ಆ ಗಡಿಯಾರದ ಸಂಗತಿ ಕಟ್ಟಡಕ್ಕೆಲ್ಲ ಗೊತ್ತು. ಬೇಸಿಗೆ ಬರುವಾಗ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಚಳಿಗಾಲಕ್ಕೆ ಹಿಂದಕ್ಕೆ ತಿರುಗಿಸುವ ಪದ್ಧತಿಯನ್ನು ನಿಲ್ಲಿಸುತ್ತೇವೆ ಎಂದು ಯುರೋಪಿನ ದೊಡ್ಡವರು ಎಷ್ಟೋ ವರ್ಷದ ಹಿಂದೆ ಮಾತಾಡಿದರು. ಇವತ್ತಿಗೂ ನಿಂತಿಲ್ಲ. ಹೆಲ್ವಿ ಮಾತ್ರ ಅಂದೇ ನಿಲ್ಲಿಸಿಬಿಟ್ಟಳು. ಅವಳ ಗಡಿಯಾರ ಸದಾ ಚಳಿಗಾಲದ್ದು.

"ವರ್ಷದಲ್ಲಿ ಐದು ತಿಂಗಳು ಎಲ್ಲಾರೂ ಸರಿ," ಎಂದಳು ಹೆಲ್ವಿ. "ಉಳಿದ ಏಳು ತಿಂಗಳು ಯುರೋಪು ತಪ್ಪು."

ಮಾತು ಪೂರ್ವದ ಗಡಿಗೆ ಹೋಯಿತು. ನಮ್ಮೂರಿನಲ್ಲಿ ಯಾವ ಮಾತಾದರೂ ಕೊನೆಗೆ ಅಲ್ಲಿಗೇ ಹೋಗುತ್ತದೆ, ನಡೆದುಕೊಂಡೇ ಹೋಗಿ ಮುಟ್ಟುವಷ್ಟು ಹತ್ತಿರ ಅದು. ಹಿಂದೆಲ್ಲ ರೈಮೊ ಅಗ್ಗದ ಪೆಟ್ರೋಲಿಗೆ ಆಚೆ ಹೋಗುತ್ತಿದ್ದ. ಹೆಲ್ವಿ ಅಮ್ಮನ ಹುಟ್ಟೂರಿನ ಸ್ಮಶಾನ ಗುಡಿಸಲು ಹೋಗುತ್ತಿದ್ದಳು. ಈಗ ನಮ್ಮವರೇ ಗೇಟು ಮುಚ್ಚಿದ್ದಾರೆ.

"ಮುಚ್ಚಿದ್ದು ಸರಿಯಾಗಿದೆ," ಎಂದಳು ಹೆಲ್ವಿ. "ಸರಿ ಅಂತ ಗೊತ್ತಿದ್ರೂ ಹೊಟ್ಟೆ ಉರಿಯುತ್ತೆ. ಎರಡೂ ಒಟ್ಟಿಗೆ ಇರ್ಬಾರ್ದು ಅಂತ ಯಾವ ಕಾನೂನೂ ಇಲ್ವಲ್ಲ."

ಆಗಲೇ ಓತ್ಸೊ ತನ್ನ ಯೋಚನೆಯನ್ನು ಹೊರಗೆ ತೆಗೆದದ್ದು. ಪೆನ್ಸಿಲ್ ಪಟ್ಟಿಯ ಬದಲು ಆ್ಯಪ್. ಅಪಾಯ ಬಂದಾಗ ಪ್ರತಿಯೊಬ್ಬರೂ ಬಾಗಿಲಲ್ಲಿ ಫೋನಿನ ಮೇಲೆ 'ಒಳಗೆ ಬಂದೆ' ಎಂದು ಒತ್ತುವುದು; ಎಲ್ಲರೂ ಬಂದರೆ ಹಸಿರು ಗುರುತು. ಜೊತೆಗೆ ಅಂಗಳಕ್ಕೊಂದು ಕ್ಯಾಮೆರಾ.

"ನಿನ್ನ ಫೋನು ನಿನ್ನೆ ಬಸ್ಸನ್ನ ನದಿ ಮಧ್ಯ ತೋರಿಸ್ತಂತಲ್ಲ?" ಎಂದ ರೈಮೊ.

"ಅದು ಗಡಿಯಾಚೆಯಿಂದ ಉಪಗ್ರಹದ ಸಂಕೇತ ಕೆಡಿಸ್ತಾರೆ, ಅದಕ್ಕೆ. ಪಟ್ಟಿಗೆ ಉಪಗ್ರಹ ಬೇಕಿಲ್ಲ. ಅಜ್ಜಿ, ನೀನೇನಂತೀಯ?"

ಹೆಲ್ವಿ ಬನ್ನನ್ನು ಕಾಫಿಗೆ ಅದ್ದಿ, ಅದು ಮೆತ್ತಗಾಗುವ ತನಕ ಕಾದಳು. "ಯಂತ್ರ ಬೇಡ ಅನ್ನಲ್ಲ ಕಣೋ. ಜೀವಮಾನವಿಡೀ ಯಂತ್ರದ ಹೊಟ್ಟೇಲಿ ಕೂತೋಳು ನಾನು. ಒಂದೇ ಪ್ರಶ್ನೆ. ನಾನು ತಪ್ಪು ಮಾಡಿದ್ರೆ ನಂಗೆ ನಾಚಿಕೆ ಆಗುತ್ತೆ. ಅದು ತಪ್ಪು ಮಾಡಿದ್ರೆ ಯಾರಿಗೆ ನಾಚಿಕೆ?"

ಓತ್ಸೊ ನಕ್ಕು ಇನ್ನೊಂದು ಬನ್ನು ತೆಗೆದುಕೊಂಡ. ಒಂದು ತಾಲೀಮು ಮಾಡಿ ಎರಡನ್ನೂ ನೋಡೋಣ, ಪಟ್ಟಿಯನ್ನೂ ಆ್ಯಪನ್ನೂ, ಎಂದು ತೀರ್ಮಾನವಾಯಿತು. ಯಾವುದು ಮುಂದುವರಿಯಬೇಕೆಂದು, ಎಂದರೆ ಹೆಲ್ವಿ ಆ ಕೆಲಸದಲ್ಲಿ ಇರಬೇಕೋ ಬೇಡವೋ ಎಂದು, ಏಪ್ರಿಲ್‌ನ ವಾರ್ಷಿಕ ಸಭೆ ನಿರ್ಧರಿಸುತ್ತದೆ.

ವಿಲ್ಯ ಆ ಹೊತ್ತು ಕಿಟಕಿಯಾಚೆ, ಬರ್ಚ್ ಮರದ ಕೆಳಗೆ ತನ್ನ ಗಾಡಿಯಲ್ಲಿ ನಿದ್ದೆ ಮಾಡುತ್ತಿದ್ದಳು. ಮೈನಸ್ ಒಂಬತ್ತು. ಉಣ್ಣೆಯ ಪದರಗಳ ನಡುವಿನಿಂದ ಮೂಗಿನ ತುದಿಯಷ್ಟೇ ಹೊರಗೆ. ಮನೆಯೊಳಗೆ ಮಲಗಿಸಿದರೆ ಇಪ್ಪತ್ತು ನಿಮಿಷ, ಹೊರಗಾದರೆ ಎರಡು ಗಂಟೆ. ನಾನೂ ಹಾಗೇ ಬೆಳೆದವಳು, ನನ್ನಮ್ಮನೂ. ಗಾಡಿಯ ಮೇಲೆ ಹೆಲ್ವಿಯ ಒಂದು ಕಣ್ಣು ಯಾವಾಗಲೂ ಇರುತ್ತಿತ್ತು. ನನ್ನ ಸೊಂಟದಲ್ಲಿ ಮಗುವಿನ ದನಿ ಕೇಳಿಸುವ ಪುಟ್ಟ ಯಂತ್ರವಿತ್ತು, ನಿಜ. ಆದರೆ ಅದು ಕುಂಯ್ ಎನ್ನುವ ಮೊದಲೇ ಹೆಲ್ವಿ, "ಎದ್ದಳು ನೋಡು, ಹೋಗು," ಎನ್ನುತ್ತಿದ್ದಳು.

ತಾಲೀಮಿಗೆ ಆರಿಸಿದ್ದು ಮಾರ್ಚ್‌ನ ಮೊದಲ ಸೋಮವಾರ. ಪ್ರತಿ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಊರಿನ ಸೈರನ್ ಪರೀಕ್ಷೆ ಇರುತ್ತದೆ. ಅದನ್ನೇ ಸನ್ನೆಯಾಗಿ ಇಟ್ಟುಕೊಂಡೆವು. ಕೆಲಸಕ್ಕೆ ಹೋದವರನ್ನು ಬಿಟ್ಟು ಕಟ್ಟಡದಲ್ಲಿದ್ದವರು ಇಪ್ಪತ್ತನಾಲ್ಕು ಮಂದಿ. ಸೈರನ್ ಕೂಗಿತು. ಯಾರೂ ಓಡಲಿಲ್ಲ, ಯಾರೂ ಮಾತಾಡಲಿಲ್ಲ. ಅಂಗಳ ದಾಟಿ ನೆಲಮಾಳಿಗೆಯ ಮೆಟ್ಟಿಲಿಗೆ ಸಾಲಾಗಿ ಬಂದೆವು. ಇಷ್ಟು ಶಿಸ್ತಿನ ಜನರನ್ನು ಯಾವ ಬಾಂಬು ಏನು ಮಾಡೀತು ಎಂದು ನನಗೆ ಹೆಮ್ಮೆಯೆನಿಸಿದ್ದು ನಿಜ.

ಬಾಗಿಲಲ್ಲಿ ಒಂದು ಬದಿ ಓತ್ಸೊ, ಇನ್ನೊಂದು ಬದಿ ಹೆಲ್ವಿ. ನಾನು ಓತ್ಸೊನ ಕಡೆ ಫೋನು ಒತ್ತಿ ಒಳಗೆ ಕಾಲಿಡುವಾಗ ಹೆಲ್ವಿ ಕೇಳಿದಳು:

"ಮಗು ಎಲ್ಲಿ?"

"ಮಲಗಿದಾಳೆ."

"ಒಳ್ಳೇದಾಯ್ತು," ಎಂದು ಹೆಲ್ವಿ ಪೆನ್ಸಿಲಿನಿಂದ ಏನೋ ಗುರುತು ಮಾಡಿಕೊಂಡಳು.

ಹನ್ನೆರಡು ಹನ್ನೊಂದಕ್ಕೆ ಹಿಡಿಕೆ ತಿರುಗಿತು, ಬಾಗಿಲು ಕೂತಿತು. ಓತ್ಸೊನ ಫೋನಿನಲ್ಲಿ ಹಸಿರು ಗುರುತು ಬಂದಿತ್ತು. ನನ್ನ ಸೊಂಟದ ಯಂತ್ರ ಸಂಪರ್ಕವಿಲ್ಲ ಎಂದು ಮಿನುಗಿತು. ಗೋಡೆ ಅಷ್ಟು ದಪ್ಪ, ಒಳ್ಳೆಯ ಗೋಡೆ ಎಂದುಕೊಂಡೆ. ಹಾಗೆಯೇ ಅಂದುಕೊಂಡೆ, ಅದನ್ನು ಮುಂದಿನ ಪುಟದಲ್ಲೂ ಹಿಂದಿನ ಪುಟದಲ್ಲೂ ಅಡಿಗೆರೆ ಎಳೆದು ಬರೆದಿದ್ದೇನೆ.

ಬೆಂಚುಗಳ ಮೇಲೆ ಕೂತೆವು. ರೈಮೊ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದ. ಹೊರಗಿನ ಗಾಳಿ ಈಗ ವಿಷ ಎಂದು ಲೆಕ್ಕ, ಒಂದು ಗಂಟೆ ಯಾರೂ ಬಾಗಿಲು ಮುಟ್ಟುವ ಹಾಗಿಲ್ಲ ಎಂದು ಓತ್ಸೊ ವಿವರಿಸಿದ. ಆಮೇಲೆ ಹೆಲ್ವಿ ಕನ್ನಡಕ ಏರಿಸಿ ಪಟ್ಟಿ ಓದತೊಡಗಿದಳು. ಒಬ್ಬೊಬ್ಬರೂ "ಹ್ಞೂಂ" ಎನ್ನುತ್ತಾ ಹೋದರು. ನನ್ನ ಹೆಸರು ಬಂತು: "ಮೈಯು." ಹ್ಞೂಂ ಎಂದೆ. ಅದರ ಕೆಳಗಿನದು.

"ವಿಲ್ಯ. ಮಲಗಿದಾಳೆ."

"ಶ್..." ಎಂದರು ಯಾರೋ, ಅಭ್ಯಾಸ ಬಲದಿಂದ. ಒಬ್ಬಿಬ್ಬರು ನಕ್ಕರು.

ನಗು ಅಲ್ಲೇ ನಿಂತಿತು. ಹೆಲ್ವಿ ಕಾಗದದಿಂದ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಇಡೀ ಕಟ್ಟಡ ವಿಷಗಾಳಿಯಿಂದ ಪಾರಾಗಿ ಕಾಫಿ ಕುಡಿಯುತ್ತಿತ್ತು. ನನ್ನ ಎಂಟು ತಿಂಗಳ ಮಗು ಬರ್ಚ್ ಮರದ ಕೆಳಗಿತ್ತು.

ಹಿಡಿಕೆ ತಿರುಗಿಸಲು ಹೋದ ಓತ್ಸೊನ ಕೈ ಜಾರಿತು. ಹೆಲ್ವಿ ಅವನನ್ನು ಪಕ್ಕಕ್ಕೆ ನೂಕಿ ತಾನೇ ತಿರುಗಿಸಿದಳು. ಎಪ್ಪತ್ತೆಂಟರ ಆ ಹೆಂಗಸು ನನಗಿಂತ ಮೊದಲು ಅಂಗಳ ಮುಟ್ಟಿದ್ದಳು. ವಿಲ್ಯ ನಿದ್ದೆಯಲ್ಲಿದ್ದಳು, ತುಟಿಯಲ್ಲಿ ಹಾಲಿನ ಗುಳ್ಳೆ. ಕಂಬಳಿಯ ಅಂಚನ್ನು ನಾನು ಮಡಿಸಿದ್ದಕ್ಕಿಂತ ಅಚ್ಚುಕಟ್ಟಾಗಿ ಯಾರೋ ಒಳಗೆ ಸೇರಿಸಿದ್ದರು. ಆಗ ಅದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹನ್ನೆರಡು ಹತ್ತೊಂಬತ್ತು. ಎಂಟು ನಿಮಿಷ.

ಏನೂ ಆಗಿರಲಿಲ್ಲ. ದಿನವೂ ಎರಡು ಗಂಟೆ ಅಲ್ಲೇ ಮಲಗುವವಳು ಅವಳು. ನಿಜವಾದ ದಿನವಾಗಿದ್ದರೆ ನಾನು ಹೀಗೆ ಮಾಡುತ್ತಿದ್ದೆನೇ? ಇಲ್ಲ ಎಂದು ಗಂಡ ಎಲಿಯಾಸ್ ಹೇಳಿದ, ಇಲ್ಲವೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಲು ಆಗಲಿಲ್ಲ. ಹೆದರಬೇಕಾದ ಸಂಗತಿಗಳನ್ನು ಸುದ್ದಿಯವರು ದಿನವೂ ಪಟ್ಟಿ ಮಾಡಿ ಕೊಡುತ್ತಾರೆ: ಡ್ರೋನು, ಕೇಬಲ್ಲು, ಮುಚ್ಚಿದ ಗಡಿ. ಮಲಗಿದ ಮಗುವನ್ನು ಎಬ್ಬಿಸಬಾರದು ಎನ್ನುವ ನಮ್ಮದೇ ಒಳ್ಳೆಯತನ ಆ ಪಟ್ಟಿಯಲ್ಲಿ ಇರಲಿಲ್ಲ.

ಒಂದು ತಿಂಗಳು ವಿಲ್ಯಳನ್ನು ಒಳಗೇ ಮಲಗಿಸಿದೆ. ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ಇಪ್ಪತ್ತು ನಿಮಿಷ, ಹದಿನೈದು ನಿಮಿಷ, ಅಳು, ಇಪ್ಪತ್ತೆರಡು ನಿಮಿಷ. ಹಿಂದಿನ ಪುಟಗಳು ಖಾಲಿ. ಹೆಲ್ವಿ ಗುರುವಾರದ ಕಾಫಿ ನಿಲ್ಲಿಸಿದ್ದಳು. ಅಡುಗೆಮನೆಯ ಕಿಟಕಿಗೆ ಪರದೆ ಬಿದ್ದಿತ್ತು.

ಮಾರ್ಚ್ ಕೊನೆಯ ಭಾನುವಾರ ದೇಶವೆಲ್ಲ ಗಡಿಯಾರವನ್ನು ಮುಂದಕ್ಕೆ ತಿರುಗಿಸಿತು. ಮರುದಿನ ನಾನು ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡು ಹೆಲ್ವಿಯ ಬಾಗಿಲು ತಟ್ಟಿದೆ. ಅವಳು ಬಾಗಿಲು ತೆರೆದಾಗ ಅವಳ ಹೆಗಲ ಮೇಲಿಂದ ಗೋಡೆ ಗಡಿಯಾರ ಕಂಡಿತು. ಹತ್ತೂವರೆ. ನನ್ನ ಫೋನಿನಲ್ಲೂ ಹತ್ತೂವರೆ. ನನಗೆ ಭಯವಾಯಿತು. ಅವಳು ಕಾಯಿಲೆ ಬಿದ್ದಿದ್ದರೂ ಅಷ್ಟು ಭಯವಾಗುತ್ತಿರಲಿಲ್ಲ.

"ಅಜ್ಜಿ, ಗಡಿಯಾರ..."

"ತಿರುಗಿಸ್ದೆ. ಎಲ್ಲಾರೂ ತಪ್ಪು, ನಾನೊಬ್ಳೇ ಸರಿ ಅಂತ ಎಷ್ಟು ದಿನ ಕೂತಿರೋದು?" ವಿಲ್ಯಳನ್ನು ಎತ್ತಿಕೊಳ್ಳಲು ಅವಳು ಕೈ ಚಾಚಲಿಲ್ಲ. ಮೇಜಿನ ಮೇಲೆ ಕೀಲಿಗಳು ಲಕೋಟೆಯಲ್ಲಿ ಸಿದ್ಧವಾಗಿದ್ದವು. "ಸಭೇಲಿ ಕೊಟ್ಟುಬಿಡ್ತೀನಿ. ಹುಡುಗ ಆ್ಯಪ್ ಹಾಕ್ಕೊಳ್ಲಿ."

"ಮಲಗಿದಾಳೆ ಅಂತ ಹೇಳಿದ್ದು ನಾನು. ತಪ್ಪು ನಂದು."

"ನೀನು ತಾಯಿ. ಮಗು ಮಲಗಿರ್ಲಿ ಅನ್ನೋದು ತಾಯಿ ಕೆಲಸ. ಎಣಿಸೋದು ನನ್ನ ಕೆಲಸ." ಅವಳ ಕೆನ್ನೆ, ಕಿವಿ, ಕುತ್ತಿಗೆ ಎಲ್ಲ ಕೆಂಪೇರಿದ್ದವು. "ಮೂವತ್ತೊಂದು ವರ್ಷ ಒಂದು ಹೆಲ್ಮೆಟ್ ತಪ್ಪಿಲ್ಲ ಮೈಯು. ಮಲಗಿದಾಳೆ ಅಂತ ನಾನೇ ಕೈಯಾರೆ ಬರೆದೆ. ಬರೆದು, ಬಾಗಿಲು ಹಾಕಿದೆ."

ಕಾಫಿಗೆ ನೀರಿಟ್ಟೆ. ಕೆಲಸವಿಲ್ಲದ ಕೈಯಿಂದ ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಅವಳು ಕುಡಿಯಲಿಲ್ಲ.

ಸಭೆ ಏಪ್ರಿಲ್ ಮೊದಲ ಬುಧವಾರ, ನೆಲಮಹಡಿಯ ಸಾಮೂಹಿಕ ಕೋಣೆಯಲ್ಲಿ. ಚರಂಡಿ ರಿಪೇರಿ, ಸೌನಾ ಹಬೆಸ್ನಾನದ ಪಾಳಿ, ಯಾರ ನಾಯಿ ಮೆಟ್ಟಿಲ ಮೇಲೆ ಏನು ಮಾಡಿತು, ಎಲ್ಲ ಮುಗಿದು ಒಂಬತ್ತನೇ ವಿಷಯ, ಆಶ್ರಯ ಕೋಣೆಯದು, ಬಂತು. ಓತ್ಸೊ ಎದ್ದು ನಿಲ್ಲುವ ಮೊದಲೇ ಹೆಲ್ವಿ ಎದ್ದಳು. ಕಾಗದ ತೆಗೆದು, ಹವಾಮಾನ ವರದಿ ಓದುವ ಹಾಗೆ ಓದಿದಳು:

"ಮಾರ್ಚ್ ಮೊದಲ ಸೋಮವಾರ. ಹನ್ನೆರಡು ಹನ್ನೊಂದಕ್ಕೆ ಬಾಗಿಲು ಮುಚ್ಚಲಾಯಿತು. ಒಳಗೆ ಇಪ್ಪತ್ತಮೂರು ಜನ. ಹೊರಗೆ ಒಬ್ಬರು, ಎಂಟು ತಿಂಗಳು. ಬಾಗಿಲು ಮುಚ್ಚಿದ್ದು ಹೆಲ್ವಿ ಸುಯಿಕ್ಕನೆನ್." ಕಾಗದ ಮಡಿಸಿದಳು. ಲಕೋಟೆಯನ್ನು ಮೇಜಿನ ಮೇಲಿಟ್ಟಳು. "ಇಷ್ಟೇ. ಬೇರೆಯವ್ರನ್ನ ಆರಿಸ್ಕೊಳ್ಳಿ."

ನಮ್ಮ ಜನರ ಮೌನ ಉದ್ದದ್ದು. ಅಷ್ಟು ಹೊತ್ತು ಬೇರೆ ಕಡೆಯವರು ಸುಮ್ಮನಿದ್ದರೆ ಯಾರಾದರೂ ವೈದ್ಯರನ್ನು ಕರೆದಾರು. ನಾನು ಬಾಯಿ ತೆರೆಯುವಷ್ಟರಲ್ಲಿ ರೈಮೊ ಗಂಟಲು ಸರಿಮಾಡಿಕೊಂಡ.

"ಗಾಡಿ ದಾರಿಗೆ ಅಡ್ಡ ಇತ್ತು," ಎಂದ. ಅವನ ದನಿ ಇಷ್ಟು ಸಣ್ಣದಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. "ಜನಕ್ಕೆ ಓಡಾಡೋಕೆ ಜಾಗ ಆಗ್ಲಿ ಅಂತ ಮೆತ್ತಗೆ ಪಕ್ಕಕ್ಕೆ ತಳ್ಳಿದೆ. ಕಂಬಳಿ ಜಾರಿತ್ತು. ಅದನ್ನೂ ಸರಿಮಾಡಿದೆ. ಆಮೇಲೆ ಜೀವ ಉಳಿಸ್ಕೊಳ್ಳೋಕೆ ಕೆಳಗೆ ಬಂದೆ."

ಒಬ್ಬರು ಕೆಮ್ಮಿದರು. ನಾಯಿಯ ಒಡತಿ, ನಾಯಿ ಬೊಗಳಿ ಮಗು ಎದ್ದೀತೆಂದು ಅದರ ಬಾಯಿ ಮುಚ್ಚಿ ಹಿಡಿದುಕೊಂಡು ಗಾಡಿ ದಾಟಿದೆ ಎಂದಳು. ಮೂಲೆಯಲ್ಲಿದ್ದವರು, ತಮ್ಮ ಬೂಟಿನ ಕೆಳಗೆ ಮಂಜು ಕರಕರ ಎನ್ನುತ್ತಿತ್ತು, ಅದಕ್ಕೇ ಸುತ್ತುಬಳಸಿ ಬಂದದ್ದು ಎಂದರು. ಒಬ್ಬೊಬ್ಬರಾಗಿ ಒಪ್ಪಿಕೊಂಡರು, ಚರ್ಚಿನಲ್ಲೂ ಹೀಗೆ ಬಾಯಿಬಿಡದ ಜನ. ನಾನೂ ಸೇರಿ ಇಡೀ ಕಟ್ಟಡ ನನ್ನ ಮಗುವಿನ ಪಕ್ಕದಲ್ಲಿ ತುದಿಗಾಲಿನಲ್ಲಿ ನಡೆದು ಹೋಗಿತ್ತು.

ಕೊನೆಗೆ ಓತ್ಸೊ. "ನಾನು ಫೋನಿರೋರನ್ನ ಮಾತ್ರ ಆ್ಯಪ್‌ಗೆ ಸೇರಿಸಿದ್ದೆ. ಮಗು ಹತ್ರ ಫೋನಿಲ್ಲ. ಅದರ ಲೆಕ್ಕದಲ್ಲಿ ವಿಲ್ಯ ಹುಟ್ಟೇ ಇಲ್ಲ. ಹಸಿರು ಗುರುತು ಬಂತು."

"ಹಸಿರು?" ಎಂದಳು ಹೆಲ್ವಿ.

"ಹಸಿರು."

"ನಾಚ್ಕೊಳ್ಳಲಿಲ್ವಾ ಅದು?"

"ಇಲ್ಲ," ಎಂದ ಓತ್ಸೊ. ಕಿವಿಯ ತನಕ ಕೆಂಪಾಗಿದ್ದ. "ನಾನು ನಾಚ್ಕೊಂಡೆ. ನಿಂಗೆ ಉತ್ತರ ಬೇಕಿತ್ತಲ್ಲ ಅಜ್ಜಿ, ತಗೋ."

ಯಾರೋ ನಕ್ಕರು, ಆಮೇಲೆ ಎಲ್ಲರೂ. ನಾನು ಎದ್ದೆ. ವಿಲ್ಯ ಹೊರಗಿದ್ದಾಳೆಂದು ನಮಗೆ ಗೊತ್ತಾಗಿದ್ದೇ ಹೆಲ್ವಿ ಅವಳ ಹೆಸರು ಬರೆದಿದ್ದರಿಂದ, ಬರೆದದ್ದನ್ನು ಗಟ್ಟಿಯಾಗಿ ಓದಿದ್ದರಿಂದ ಎಂದೆ. ಅವಳು ಇನ್ನೊಂದು ವರ್ಷ ಇರಲಿ, ನಾನು ಜೊತೆಗಿದ್ದು ಕಲಿಯುತ್ತೇನೆ ಎಂದೆ. ಧೈರ್ಯದ ಮಾತಲ್ಲ ಅದು; ಆ ಬಾಗಿಲು ಹೇಗೆ ತೆರೆಯುತ್ತದೆ ಎಂದು ನನಗೆ ನನ್ನ ಕೈಯಲ್ಲೇ ಗೊತ್ತಿರಬೇಕಿತ್ತು.

"ಮೊದ್ಲೇ ಹೇಳ್ತೀನಿ, ಕೀಲಿ ಭಾರ," ಎಂದಳು ಹೆಲ್ವಿ, ಲಕೋಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾ. "ರಬ್ಬರಿಗೆ ಪುಡಿ ಹಚ್ಚೋದು ಅಂದ್ರೆ ಮಗು ತೊಡೆ ಸಂದಿಗೆ ಹಚ್ಚೋ ಹಾಗೆ. ಬರುತ್ತೆ ನಿಂಗೆ."

ಹೆಲ್ವಿಯೇ ಇರಲಿ, ನಾನು ಜೊತೆಗಿದ್ದು ಕಲಿಯಲಿ ಎಂದು ಸಭೆಯ ನಡಾವಳಿಯಲ್ಲಿ ಬರೆದುಕೊಂಡರು. ಓತ್ಸೊನ ಆ್ಯಪ್ ಮನೆಮನೆಗೆ ಸುದ್ದಿ ಮುಟ್ಟಿಸಲಿ, ಎಣಿಕೆ ಪೆನ್ಸಿಲಿನದೇ ಇರಲಿ ಎಂದಾಯಿತು. ಕ್ಯಾಮೆರಾ ವಿಷಯದಲ್ಲಿ ಒಮ್ಮತವಾಗಲಿಲ್ಲ. ಒಳಚಡ್ಡಿಯಲ್ಲಿ ಕಸ ಹಾಕಲು ಹೋಗುವುದು ತನ್ನ ಹಕ್ಕು ಎಂದು ರೈಮೊ ವಾದಿಸಿದ. ಅದನ್ನು ಶರತ್ಕಾಲಕ್ಕೆ ಮುಂದೂಡಿದರು.

ಆ ಕ್ಯಾಮೆರಾ ಬೇಕೋ ಬೇಡವೋ ನನಗಿನ್ನೂ ತಿಳಿಯದು. ಕೆಲವು ದಿನ ಸುದ್ದಿ ಕೇಳಿದಾಗ ಹತ್ತು ಇರಲಿ ಎನಿಸುತ್ತದೆ.

ಗುರುವಾರ ಬೆಳಿಗ್ಗೆ ವಿಲ್ಯಳನ್ನು ಉಣ್ಣೆಯಲ್ಲಿ ಸುತ್ತಿ ಬರ್ಚ್ ಮರದ ಕೆಳಗೆ ಬಿಟ್ಟೆ. ಗಾಡಿಯ ಬ್ರೇಕನ್ನು ಎರಡು ಸಲ ತುಳಿದೆ. ಕೆಲವು ಹೆಜ್ಜೆ ಹೋಗಿ ಹಿಂದಿರುಗಿದೆ, ಮತ್ತೆ ಹೋದೆ. ಹೆಲ್ವಿಯ ಕಿಟಕಿಯ ಪರದೆ ಸರಿದಿತ್ತು. ಒಳಗೆ ಏಲಕ್ಕಿಯ ವಾಸನೆ, ರೈಮೊನ ದನಿ. ಮೇಜಿನ ಮೇಲೆ ಹೊಸ ಪಟ್ಟಿ; ಎಲ್ಲರ ಹೆಸರಿನ ಮೇಲೆ, ಮೊಟ್ಟಮೊದಲ ಸಾಲಿನಲ್ಲಿ, ಪೆನ್ಸಿಲಿನಿಂದ ಒತ್ತಿ ಬರೆದದ್ದು: 'ಮಲಗಿದವರು ಮೊದಲು.'

"ತಡ ಮಾಡಿದೆ," ಎಂದಳು ಹೆಲ್ವಿ.

ನಾನು ಗೋಡೆ ನೋಡಿದೆ. ಹತ್ತೂಕಾಲಿಗೆ ಬಂದಿದ್ದೆ. ಗಡಿಯಾರ ಮತ್ತೆ ಚಳಿಗಾಲದ ಒಂಬತ್ತೂಕಾಲು ತೋರಿಸುತ್ತಿತ್ತು.

"ತಡ ಎಲ್ಲಿ ಅಜ್ಜಿ, ನಿನ್ನ ಲೆಕ್ಕದಲ್ಲಿ ಮುಕ್ಕಾಲು ಗಂಟೆ ಮುಂಚೆ ಬಂದಿದೀನಿ," ಎಂದು ಬನ್ನಿಗೆ ಕೈ ಹಾಕಿದೆ.